ಟೆನರ್ ದಮಯಂತಿ

ಅಲ್ ಹೈಲ್, ಮಸ್ಕತ್
18 ನವೆಂಬರ್ 2025, ಮಂಗಳವಾರ

ನಿಶ್ಮಿತಾಳ ಅಪ್ಪನಿಗೆ ದಮಯಂತಿಯ ನಮಸ್ಕಾರಗಳು.

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತಾ? ಬಿ.ಪಿ. ಮಾತ್ರೆ ತೆಗೆದುಕೊಳ್ಳಬೇಕಾದದ್ದು ಬೆಳಿಗ್ಗೆ, ನೆನಪಾದಾಗ ಅಲ್ಲ. ಅತ್ತಿಗೆ ನನಗೆ ಎಲ್ಲ ವರದಿ ಕೊಡುತ್ತಾರೆ, ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತೀರಿ ಎಂಬುದನ್ನೂ. ಇಲ್ಲಿ ಮಗಳು ಚೆನ್ನಾಗಿದ್ದಾಳೆ. ಮಗು ಪ್ರಣೀತಾ ಮೂರು ತಿಂಗಳು ತುಂಬುವ ಮೊದಲೇ ಅಜ್ಜನ ಹಾಗೆ ಮುಖ ಗಂಟು ಹಾಕಲು ಕಲಿತಿದ್ದಾಳೆ. ಅಳಿಯ ಸುಮಿತ್ ರೂವಿಯ ಆಫೀಸಿನಿಂದ ಬರುವಾಗ ನನಗಾಗಿ ಬಸಳೆಯೋ ಹರಿವೆಯೋ ಹುಡುಕಿ ತರುತ್ತಾನೆ, ಪಾಪ.

ಫೋನ್ ಇರುವಾಗ ಕಾಗದ ಎಂತಕ್ಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನಾನು ಎರಡು ಮಾತು ಹೇಳುವಷ್ಟರಲ್ಲಿ ನೀವು "ಆಯ್ತಾಯ್ತು, ಇಡ್ತೇನೆ" ಅನ್ನುತ್ತೀರಿ. ಕಾಗದವನ್ನು ಹಾಗೆ ಅರ್ಧದಲ್ಲಿ ಇಡಲಿಕ್ಕೆ ಆಗುವುದಿಲ್ಲ. ಸುಮಿತ್‌ನ ಜೊತೆ ಕೆಲಸ ಮಾಡುವ ವಿಶಾಲ್ ಗುರುವಾರ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ವಿಷಯ ಮೊದಲೇ ಹೇಳಿಬಿಡುತ್ತೇನೆ. 27ರ ವಿಮಾನದಲ್ಲಿ ನಾನು ಬರುವುದಿಲ್ಲ. ಡಿಸೆಂಬರ್ 5ರಂದು ರೂವಿಯಲ್ಲಿ ನನ್ನ ಹಾಡು ಉಂಟು, ಅದು ಮುಗಿಸಿ 7ಕ್ಕೆ ಹೊರಡುತ್ತೇನೆ. ಸಿಟ್ಟು ಮಾಡುವುದಾದರೆ ಪೂರ್ತಿ ಓದಿದ ಮೇಲೆ ಮಾಡಿ.

ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಕ್ಲೇಟನ್ ಎಂಬವರಿದ್ದಾರೆ, ಬಜ್ಪೆಯವರು. ವಾರಕ್ಕೊಂದು ಸಂಜೆ ಅವರ ಹಾಲಿನಲ್ಲಿ ಹದಿನಾಲ್ಕು ಜನ ಸೇರಿ ಹಾಡು ಹೇಳುತ್ತಾರೆ. ವಾದ್ಯ ಯಾವುದೂ ಇಲ್ಲ, ಹಾರ್ಮೋನಿಯಂ ಸಹ ಇಲ್ಲ. ನಾನು ಬಂದ ಹೊಸತರಲ್ಲಿ ಒಂದು ದಿನ ಟೆರೇಸಿನಲ್ಲಿ ಮಗುವಿನ ಬಟ್ಟೆ ಹರವುತ್ತಾ ಏನೋ ಗುನುಗಿಕೊಳ್ಳುತ್ತಿದ್ದೆ. ಕೆಳಗಿಳಿದು ಬಂದ ಸ್ವಲ್ಪ ಹೊತ್ತಿಗೆ ಬೆಲ್ ಆಯಿತು. "ನಿಮ್ಮಲ್ಲಿಗೆ ಊರಿಂದ ಬಂದಿದ್ದಾರಲ್ಲ, ಹಾಡುವ ಅಂಕಲ್, ಅವರು ಉಂಟಾ?" ಎಂದು ಕ್ಲೇಟನ್ ಕೇಳಿದರು. ನಿಮ್ಮ ಮಗಳು ನಗು ತಡೆಯಲಾಗದೆ ಒಳಗೆ ಓಡಿದಳು. ನಾನು "ಆ ಅಂಕಲ್ ನಾನೇ" ಅಂದೆ. ಅವರು ನಗಲಿಲ್ಲ ನೋಡಿ. "ಹಾಗಾದ್ರೆ ನೀವೇ ಬನ್ನಿ ಆಂಟಿ, ನಮಗೆ ಟೆನರಿಗೆ ಜನವೇ ಇಲ್ಲ" ಅಂದರು. ನನ್ನ ಸ್ವರ ಬೇಕು ಎಂದು ಒಬ್ಬರು ಬಾಗಿಲು ತಟ್ಟಿದ್ದು ಈ ಐವತ್ತೇಳು ವರ್ಷದಲ್ಲಿ ಅದೇ ಮೊದಲು.

ಇವರು ಹೇಳುವುದು ಇಟಲಿಯ ಕಡೆಯ ನಾನೂರೈವತ್ತು ವರ್ಷ ಹಿಂದಿನ ಹಾಡುಗಳಂತೆ. ಹಾಡುವವರಲ್ಲಿ ನಾಲ್ಕು ಗುಂಪು, ಅದರಲ್ಲಿ ಟೆನರ್ ಮಾಮೂಲಾಗಿ ಗಂಡಸರದ್ದು. ನಮ್ಮ ಭಜನೆಯಲ್ಲಿ ನೀವು ಹೇಳಿಕೊಟ್ಟದ್ದನ್ನು ಉಳಿದವರು ಹಾಗೆಯೇ ಹೇಳುತ್ತಾರೆ. ಇಲ್ಲಿ ಒಂದು ಗುಂಪು ಎತ್ತಿದ್ದನ್ನು ಇನ್ನೊಂದು ಗುಂಪು ಸ್ವಲ್ಪ ತಡವಾಗಿ, ಬೇರೆ ಎತ್ತರದಲ್ಲಿ ಎತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಮೊದಲಿನವರು ಮುಂದೆ ಹೋಗಿ ಆಗಿರುತ್ತದೆ. ಮೊದಲ ದಿನ ನನಗೆ ಸಂತೆಯ ನಡುವೆ ನಿಂತ ಹಾಗಾಯಿತು. ಅವರ ಗೆರೆ, ಚುಕ್ಕಿ ನನಗೆ ಓದಲು ಬರುವುದಿಲ್ಲ. ಟೆನರಿನಲ್ಲಿ ನನ್ನೊಟ್ಟಿಗೆ ಇರುವುದು ತಮೀಮ್ ಒಬ್ಬರೇ, ಒಮಾನಿನವರೇ, ರುಸ್ತಾಕ್ ಎಂಬ ಊರಿನವರು, ಇಲ್ಲಿ ಬ್ಯಾಂಕಿನಲ್ಲಿ ಕೆಲಸ. ಅವರು ನಮ್ಮ ಪಾಲನ್ನು ಹಾಡಿ ಫೋನಿಗೆ ಕಳಿಸುತ್ತಾರೆ, ನಾನು ಮಗುವಿಗೆ ಎಣ್ಣೆ ಹಚ್ಚುತ್ತಾ ಬಾಯಿಪಾಠ ಮಾಡುತ್ತೇನೆ. ಲ್ಯಾಟಿನ್ ಸಾಲುಗಳನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. "ಊರಿನವರು ಎಂತ ಹೇಳಿಯಾರು ಅಮ್ಮಾ, ಅದೂ ಚರ್ಚಿನ ಹಾಡು" ಎಂದು ಮಗಳ ರಗಳೆ. ಊರಿನವರು ಹೇಳುವುದನ್ನೆಲ್ಲ ನಾನು ಆಗಲೇ ಕೇಳಿ ಮುಗಿಸಿದ್ದೇನೆ ಅಂದೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಮೊದಲು ಕಲಿಸಿದ್ದು ಒಂದು ಪ್ರೇಮದ ಹಾಡು, ಹೊರಟು ನಿಂತ ನಲ್ಲನನ್ನು ಒಬ್ಬಳು ತಡೆಯುವುದು. ಅದರ ಮರುತಿಂಗಳು ಚರ್ಚಿನ ಪೂಜೆಯ ಹಾಡು ಶುರುವಾಯಿತು, "ಕಿರಿಯೆ ಎಲೆಯಿಸೋನ್", ದೇವರೇ ಕರುಣೆ ತೋರು ಎಂದು. ಎರಡು ಸಾಲು ಆಗುವಾಗ ನಾನು ಕೈ ಎತ್ತಿದೆ. "ಇದು ಆ ಹುಡುಗಿಯ ಹಾಡೇ ಅಲ್ಲವಾ?" ಕಾಗದ ನೋಡಿ ಹಾಡುವ ಯಾರಿಗೂ ಅದು ಹೊಳೆದಿರಲಿಲ್ಲ. ಕ್ಲೇಟನಿಗೆ ಖುಷಿಯೋ ಖುಷಿ. ಆ ಕಾಲದಲ್ಲಿ ಅದೇ ಕ್ರಮವಂತೆ, ಬೀದಿಯ ಹಾಡು, ಪ್ರೇಮದ ಹಾಡುಗಳ ಧಾಟಿ ತೆಗೆದು ದೇವರ ಹಾಡು ಕಟ್ಟುವುದು. ಚರ್ಚಿನ ಹಿರಿಯರು ಸಭೆ ಮಾಡಿ ಆಕ್ಷೇಪಿಸಿದರೂ ಕಟ್ಟುವವರು ಬಿಡಲಿಲ್ಲವಂತೆ. ಮರ್ಯಾದಸ್ಥರು ಯಾವ ಹಾಡಿನಿಂದ ತೆಗೆದರೋ ಅದರ ಹೆಸರನ್ನೇ ಪೂಜೆಯ ಹಾಡಿಗೂ ಇಡುತ್ತಿದ್ದರು. ಹೆದರಿದವರಲ್ಲಿ ಕೆಲವರು ಮೇಲೆ "ಹೆಸರಿಲ್ಲದ್ದು" ಎಂದು ಬರೆದು ಸುಮ್ಮನಾಗುತ್ತಿದ್ದರು. ಇದನ್ನು ಕೇಳುವಾಗ ನನಗೆ ಯಾರ ನೆನಪಾಯಿತು ಹೇಳಿ ಮಾರಾಯ್ರೆ.

ನಿಮ್ಮ ಹೆಸರಿನಲ್ಲಿ ಇಡೀ ತಾಲೂಕಿಗೆ ಗೊತ್ತಿರುವ "ಅಂಗಾರಣ್ಣನ ಭಜನೆ" ಎಲ್ಲಿಂದ ಬಂತು ಎಂದು ನಿಮಗೂ ನನಗೂ ಗೊತ್ತು. ನನ್ನ ಅಮ್ಮ ನಾಟಿಯ ಗದ್ದೆಯಲ್ಲಿ ಹೇಳುತ್ತಿದ್ದ ಓಬೇಲೆ ಅದು, ಬಳೆಗಾರನನ್ನು ಕೆಣಕುವ ಹಾಡು. ಅಮ್ಮನದೂ ನನ್ನದೇ ಸ್ವರ, ತಗ್ಗಿನದು. ಮೂರು ಗದ್ದೆ ಆಚೆಗೆ ಕೇಳುತ್ತಿತ್ತು ಎಂದೇ ಎಲ್ಲರೂ ಅವಳಿಗೆ ಹಾಡು ಎತ್ತಲು ಬಿಡುತ್ತಿದ್ದರು. ಮದುವೆಯಾದ ವರ್ಷ ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಅದನ್ನೇ ಹೇಳುತ್ತಿದ್ದೆ. ನೀವು ಪಕ್ಕದಲ್ಲಿ ಕುಳಿತು "ಇನ್ನೊಮ್ಮೆ, ಇನ್ನೊಮ್ಮೆ" ಎಂದು ಹೇಳಿಸಿ, ಬಳೆಗಾರನನ್ನು ತೆಗೆದು ವಿಠಲನನ್ನು ಕೂರಿಸಿದಿರಿ. ಅದು ತಪ್ಪು ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಚಂದ ಆಗಿತ್ತು. ಆದರೆ ಆ ವರ್ಷ ಹಗಲು ರಾತ್ರಿಯ ಏಕಾಹ ಭಜನೆ ಮುಗಿಸುವ ಮಂಗಳಕ್ಕೆ ನೀವು ಅದನ್ನೇ ಎತ್ತಿದಾಗ ನಾನೂ ಹಿಂದಿನಿಂದ ಸ್ವರ ಸೇರಿಸಿದೆ. ಗಂಡಸರೆಲ್ಲ ತಿರುಗಿ ನೋಡಿ "ಹೆಂಗಸರ ನಡುವೆ ಯಾರದು ಗಂಡು?" ಎಂದು ನಕ್ಕರು. ನೀವು ಕೈಸನ್ನೆಯಲ್ಲಿ ಸಾಕು ಅಂದಿರಿ, ಮರುದಿನ ನನಗೊಂದು ಜೊತೆ ತಾಳ ತಂದುಕೊಟ್ಟಿರಿ. ಪ್ರೀತಿಯಿಂದಲೇ ತಂದದ್ದು ಎಂದು ಗೊತ್ತು. ಆದರೂ ನನಗೆ ಬಹಳ ಬೇಸರವಾಗಿತ್ತು, ಇವತ್ತಿಗೂ ಆ ಬೇಸರ ಹೋಗಿಲ್ಲ. ಮೂವತ್ತನಾಲ್ಕು ವರ್ಷ ನಾನು ನನ್ನ ಅಮ್ಮನ ಹಾಡಿಗೆ ಬಾಯಿ ಮುಚ್ಚಿ ತಾಳ ಹಾಕಿದ್ದೇನೆ.

ಟೆನರ್ ಎಂಬ ಮಾತಿನ ಮೂಲ ಅರ್ಥ ಹಿಡಿದುಕೊಳ್ಳುವುದು ಅಂತೆ. ಹಿಂದಿನ ಕಾಲದಲ್ಲಿ ಮೂಲ ಧಾಟಿಯನ್ನು ಬಿಡದೆ ಹಿಡಿದುಕೊಂಡಿರುವ ಕೆಲಸ ಆ ಗುಂಪಿನದ್ದು, ಉಳಿದವರು ಅದರ ಮೇಲೆ ಸುತ್ತಾಡುವುದು. ಕ್ಲೇಟನ್ ಹಾಗೆ ಹೇಳಿದ ಸಂಜೆ ನಾನು ಮನೆಗೆ ಬಂದು ಬಚ್ಚಲಿನಲ್ಲಿ ನಳ್ಳಿ ಬಿಟ್ಟುಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಸುಮಿತ್‌ನಿಗೆ ಟಿಕೆಟ್ ಬದಲಿಸು ಅಂದೆ. ವೀಸಾ ಜನವರಿಯವರೆಗೆ ಉಂಟು. ನಾನು ಹೊರಟರೆ ತಮೀಮ್ ಒಬ್ಬರಿಂದ ಆಗುವುದಿಲ್ಲ, ಪೂಜೆಯ ಹಾಡನ್ನೇ ಕೈಬಿಡಬೇಕಾಗುತ್ತದೆ. "ಖಾಲಾ, ಆಪ್ ಗಯಾ ತೋ ಖಲಾಸ್" ಎಂದು ಅವರು ಖರ್ಜೂರದ ಡಬ್ಬ ಮುಂದಿಟ್ಟು ಹೇಳಿದ್ದಾರೆ. ಖಾಲಾ ಅಂದರೆ ಚಿಕ್ಕಮ್ಮ, ನೀವು ಹೋದರೆ ಎಲ್ಲ ಮುಗಿಯಿತು ಎಂದು. ಅದಕ್ಕಾಗಿ ಮಾತ್ರ ನಿಲ್ಲುತ್ತಿದ್ದೇನೆ ಎಂದು ತಿಳಿಯಬೇಡಿ. ನನಗಾಗಿಯೂ ನಿಲ್ಲುತ್ತಿದ್ದೇನೆ.

ಏಕಾಹಕ್ಕೆ ಮೊದಲು ಬಾ, ಅವಲಕ್ಕಿ ಕಲಸಲು ಜನ ಇಲ್ಲ ಎಂದು ಮೂರು ಸಲ ಹೇಳಿದ್ದೀರಿ. ಏಕಾಹ 13ಕ್ಕೆ, ಅಷ್ಟರಲ್ಲಿ ಖಂಡಿತ ಬಂದಿರುತ್ತೇನೆ. ಅತ್ತಿಗೆಗೆ ನನ್ನ ನೆನಪು ಹೇಳಿ. ಮಗುವಿನ ಫೋಟೋ ಇಟ್ಟಿದ್ದೇನೆ, ಗಂಟು ಹಾಕಿದ ಮುಖ ನೋಡಿಕೊಳ್ಳಿ. ಆರೋಗ್ಯ ಜಾಗ್ರತೆ.

ನಿಮ್ಮ
ದಮಯಂತಿ

ಮರೆತ ಮಾತು: ಇವತ್ತು ಗುರುವಾರ, ವಿಶಾಲ್ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವಲಕ್ಕಿ ಈ ವರ್ಷ ಗಂಡಸರು ಕಲಸಲಿ. ತಾಳ ಬೇರೆ ಯಾರಿಗಾದರೂ ಕೊಡಿ. ಮಂಗಳಕ್ಕೆ ಮೊದಲು "ಇದು ನನ್ನ ಅತ್ತೆ ಬಾಗಿಯವರ ನಾಟಿ ಹಾಡಿನ ಧಾಟಿ" ಎಂದು ಎಲ್ಲರಿಗೂ ಕೇಳುವ ಹಾಗೆ ನೀವೇ ಹೇಳಬೇಕು. ಆಮೇಲೆ ಹಾಡು ಎತ್ತುವುದು ನಾನು, ನೀವು ಹಿಂದಿನಿಂದ ಹೇಳಿ. ಮೈಕನ್ನು ಒಂದು ಗೇಣು ಕೆಳಗೆ ಇಳಿಸಿಡಿ, ನಾನು ನಿಮಗಿಂತ ಗಿಡ್ಡ.