ದುಬೈ ದಾರಿಯ ಪಂದ್ಯ

ಅಳಿಯ ಭೀಮೇಶನಿಗೆ ಕಾಪುವಿನಿಂದ ಯಂಕಪ್ಪ ಮಾವನ ಆಶೀರ್ವಾದ.

ಮಂಗಳೂರಿನ ವಿಮಾನಗಳೆಲ್ಲ ಈಗ ನನ್ನನ್ನು ಕೇಳಿಯೇ ಏಳುತ್ತವೆ. ನಾವು ಕಟ್ಟುತ್ತಿರುವ ಮನೆಯ ಮಾಲೀಕ ಭೋಜಣ್ಣ ದುಬೈಯಲ್ಲಿ ದುಡಿಯುವವರು, ಈಗ ರಜೆಗೆ ಬಂದಿದ್ದಾರೆ. "ವಿಮಾನದಲ್ಲಿ ಹೋಗಲಿಕ್ಕೆ ಎರಡು ಗಂಟೆ, ಬರಲಿಕ್ಕೆ ಐದು ಗಂಟೆ ಉಂಟು ಮಾರಾಯ" ಎಂದರು. "ದಾರಿ ಒಂದೇ ಐತ್ರಿ, ಹೊತ್ತು ಹ್ಯಾಂಗ ಬ್ಯಾರೆ ಆಗತೈತಿ? ಕಟ್ರಿ ಪಂದ್ಯ!" ಎಂದು ನಿನ್ನ ಬೂಟಿಗೆಂದು ಕೂಡಿಟ್ಟ ದುಡ್ಡು ಪಣಕ್ಕಿಟ್ಟೆ. ಟಿಕೆಟ್ ತೋರಿಸಿದರು, ಏಳುವ, ಇಳಿಯುವ ಹೊತ್ತು ಅವರು ಹೇಳಿದಂತೆಯೇ ಇತ್ತು. ದುಡ್ಡು ಹೋಯಿತು. ಆಮೇಲೆ ಅವರ ಮಗಳು ಅಕ್ಷಿತಾ, "ಅಲ್ಲಿಯ ಗಡಿಯಾರ ಒಂದೂವರೆ ಗಂಟೆ ಹಿಂದೆ ಉಂಟು. ಹೋಗುವಾಗಲೂ ಬರುವಾಗಲೂ ಮೂರೂವರೆಯೇ, ಅಲ್ವಾ ಪಪ್ಪಾ?" ಎಂದಳು. ಭೋಜಣ್ಣ ನಗುತ್ತ ಎದ್ದು ಹೋದರು.

ನನ್ನ ಕೆಮ್ಮು ವಾಸಿಯಾಗಿದೆ. ಬೂಟು ಮುಂದಿನ ಪಗಾರಕ್ಕೆ. ಕಾಂಕ್ರೀಟ್ ಗಾಡಿ ಬಂತು, ಕಾಗದ ನಿಲ್ಲಿಸುತ್ತೇನೆ. ನಿಮ್ಮವ್ವ ಕೇಳಿದರೆ ಐವತ್ತು ರೂಪಾಯಿ ಸೋತನೆನ್ನು, ನಿಜವಾಗಿ ಎಂಟುನೂರು.