ಕಲ್ಲಣ್ಣ ಮುತ್ಯಾನ ರುಮಾಲು ಎತ್ತುವವರು ಯಾರು?

ಸೊಲ್ಲಾಪುರ, ೧೯೩೧

ಮಾನ್ಯರೇ,

ಶಿಕ್ಷೆ ಮಾಫಿಯ ಅರ್ಜಿಗಳ ಮೇಲೆ ‘ಹೌದು’ ಅಥವಾ ‘ಇಲ್ಲ’ ಎಂದು ಬರೆಯುವ ಕುರ್ಚಿಯಲ್ಲಿ ತಾವು ಕುಳಿತಿದ್ದೀರಿ. ಎಪ್ಪತ್ತೈದು ದಾಟಿದ ಕಲ್ಲಣ್ಣ ಎಂಬ ಕೈದಿಯ ಅರ್ಜಿಯ ಮೇಲೆ ಹೋದ ತಿಂಗಳು ‘ಇಲ್ಲ’ ಎಂದು ಬರೆದಿರಿ. ಕೈದಿಗೆ ಪಶ್ಚಾತ್ತಾಪವಿಲ್ಲ, ಜೈಲಿನ ಟೊಪ್ಪಿಗೆ ಹಾಕಿಕೊಳ್ಳದೆ ಶಿಸ್ತು ಮುರಿಯುತ್ತಾನೆ ಎಂದು ಕಾರಣವನ್ನೂ ಕೊಟ್ಟಿರಿ. ಇವೆರಡೂ ಕಾರಣಗಳಲ್ಲ, ತಿಳಿಯದೆ ಬರೆದ ಮಾತುಗಳು ಎಂದು ಹೇಳಲು ಈ ಪತ್ರ. ನಾಲ್ಕು ಜನರ ನಡುವೆ ಎದ್ದು ನಿಂತು ಮಾತಾಡಲು ನನಗೆ ಬರುವುದಿಲ್ಲ. ಬರೆಯಲು ಬರುತ್ತದೆ. ಆದ್ದರಿಂದ ಪತ್ರಿಕೆಯಲ್ಲಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಗುನ್ಹೆಯ ಮಾತು. ಹೋಟಗಿಯ ಆಚೆ, ಅಕ್ಕಲಕೋಟ ಸಂಸ್ಥಾನದ ಗಡಿಗೆ ಹತ್ತಿಕೊಂಡಂತೆ ನನ್ನ ತಾಯಿಯ ತವರೂರಿದೆ. ಅಲ್ಲಿಯ ಹಳ್ಳದ ದಂಡೆಯ, ಹೆಂಡ ಇಳಿಸುವ ಶಿಂದಿ ಮರಗಳು ಹೋದ ವರ್ಷ ಬೇಸಿಗೆಯಲ್ಲಿ ಒಂದೇ ರಾತ್ರಿ ಉರುಳಿದವು. ಕುಡಿತ ನಿಲ್ಲಿಸಬೇಕೆಂದು ಶಿಂದಿ ಮರ ಕಡಿಯುವ ಚಳವಳಿ ಆಗ ಹಬ್ಬಿತ್ತು. ಮರಗಳು ಅಬಕಾರಿ ಖಾತೆಯವು. ಕಡಿದವರು ಕಲ್ಲಣ್ಣ ಎಂದು ಕೋರ್ಟು ತೀರ್ಮಾನಿಸಿ ಎರಡು ವರ್ಷದ ಸಕ್ತಮಜೂರಿ ಶಿಕ್ಷೆ ಕೊಟ್ಟಿತು. ನಾವೆಲ್ಲ ಮುತ್ಯಾ ಎಂದು ಕರೆಯುವ ಈ ಮುದುಕರ ಎರಡೂ ಕಣ್ಣಿಗೆ ಪರೆ ಬಂದಿದೆ. ಊಟಕ್ಕೆ ಕುಳಿತರೆ ಅವರ ಹೆಂಡತಿ ಗುರಮ್ಮ ಕೈ ಹಿಡಿದು ರೊಟ್ಟಿ ತೋರಿಸಬೇಕು. ಅಂಥವರು ಕತ್ತಲಲ್ಲಿ ಕೊಡಲಿ ಬೀಸಿ ಇಡೀ ದಂಡೆಯನ್ನು ಬೋಳು ಮಾಡಿದರಂತೆ! ಇದನ್ನು ನಿಜವಾಗಿ ನಂಬುವ ಸರಕಾರ ಅವರನ್ನು ಜೈಲಿನಲ್ಲಿ ಏಕೆ ಕೊಳೆಯಿಸುತ್ತಿದೆ? ಕಾಡು ಕಡಿಯುವ ಗುತ್ತಿಗೆ ಕೊಡಬಾರದಿತ್ತೆ?

‘ಅವನೇ ಒಪ್ಪಿಕೊಂಡನಲ್ಲ’ ಎನ್ನುತ್ತೀರಿ. ಒಪ್ಪಿಕೊಂಡರು. ನಾನು ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲಿದ್ದೆ. ಅವರು ಹೇಗೆ ಒಪ್ಪಿಕೊಂಡರು ಎಂಬುದು ತಿಳಿಯಬೇಕಾದರೆ ತಾವು ನನ್ನ ಜೊತೆ ಇನ್ನೂ ಕೆಲವು ವರ್ಷ ಹಿಂದೆ ಬರಬೇಕು.

ನಾನು ಇಂಟರ್ ಪರೀಕ್ಷೆ ಬರೆದು ತಾಯಿಯ ಊರಿಗೆ ಹೋದ ರಜೆ ಅದು. ನನ್ನ ಸೋದರಮಾವ ಶಂಕರೆಪ್ಪನ ಎತ್ತುಗಳು ಗಡಿ ದಾಟಿ ಅಕ್ಕಲಕೋಟದ ಕಡೆಯ ಜೋಳ ಮೇಯ್ದವು. ಮಾತಿಗೆ ಮಾತು ಬೆಳೆದು ಹೊಡೆದಾಟವಾಗಿ ಆ ಕಡೆಯವನೊಬ್ಬನ ಕೈ ಮುರಿಯಿತು. ಎರಡೂ ಊರಿನವರು ಹಳ್ಳದ ಬೇವಿನ ಮರದ ಕೆಳಗೆ ಕೂಡಿದರು. ಬಡಿಗೆಗಳು ಜೊತೆಯಲ್ಲೇ ಬಂದಿದ್ದವು. ಆಗ ಕಲ್ಲಣ್ಣ ಮುತ್ಯಾ ಎದ್ದು, ತಲೆಯ ರುಮಾಲನ್ನು ಸುತ್ತು ಬಿಚ್ಚದೆ ಹಾಗೇ ತೆಗೆದು ನೆಲದ ಮೇಲಿಟ್ಟು, “ತಪ್ಪ ನಂದ” ಎಂದು ತಲೆ ಬಗ್ಗಿಸಿ ನಿಂತರು. ಆಚೆಯ ಊರಿನ ಹಿರಿಯ ಚನ್ನವೀರಪ್ಪ ಕೂಡಲೇ ಏಳಲಿಲ್ಲ. ತಂಬಾಕು ತಿಕ್ಕಿದ, ಬಾಯಿಗೆ ಹಾಕಿದ, ಕೈ ಜಾಡಿಸಿದ. ಆಮೇಲೆ ಬಂದು ರುಮಾಲೆತ್ತಿ ಮುತ್ಯಾನ ತಲೆಯ ಮೇಲಿಟ್ಟು, “ಬೋಳ ತೆಲಿ ಭಾಳ ಹೊತ್ತ ತೋರಸಬ್ಯಾಡೋ ಮಾರಾಯಾ, ಕಣ್ಣ ಕುಕ್ಕತಾವ” ಎಂದ. ಜನ ನಕ್ಕರು. ಬಡಿಗೆಗಳು ಮನೆಗೆ ಹೋದವು. ಮುರಿದ ಕೈ ಕೂಡುವ ತನಕ ನನ್ನ ಮಾವನೇ ಹೋಗಿ ಆ ಹೊಲ ಉತ್ತ.

ಆ ಹೊಡೆದಾಟದ ದಿನ ಮುತ್ಯಾ ಊರಲ್ಲೇ ಇರಲಿಲ್ಲ, ಹುಲಜಂತಿಗೆ ಹೋಗಿದ್ದರು. ನಾನು ಕೇಳಿದೆ, “ಮುತ್ಯಾ, ನೀ ಇದ್ದಿದ್ದೇ ಇಲ್ಲಲ್ಲ, ತಪ್ಪ ನಿಂದು ಹ್ಯಾಂಗ?”

“ನಾ ಇದ್ದಿದ್ರ ಹೊಡದಾಟ ಆಗಗೊಡತಿದ್ನೇನು? ಇರಲಿಲ್ಲ, ಅದಕ್ಕ ತಪ್ಪ ನಂದ. ಇಷ್ಟ್ ತಿಳಿಯಾಂಗಿಲ್ಲೇನು, ಏನ್ ಕಲಸ್ತಾರೋ ನಿನ್ನ ಸಾಲ್ಯಾಗ!”

ನಮ್ಮ ಕಡೆಯ ಪದ್ಧತಿ ಇದು. ಊರಿನ ಹಿರಿಯ ಇಡೀ ಊರಿನ ಪರವಾಗಿ ರುಮಾಲು ಇಳಿಸುತ್ತಾನೆ. ಯಾರ ಮುಂದೆ ಇಳಿಸಿದನೋ ಅವರೇ ಅದನ್ನೆತ್ತಿ ಅವನ ತಲೆಗೆ ಇಡಬೇಕು. ಅಲ್ಲಿಗೆ ತಂಟೆ ಮುಗಿಯಿತು. ಎತ್ತುವ ತನಕ ಇಳಿಸಿದವನು ಬರಿದಲೆಯಲ್ಲಿರಬೇಕು. ಬೇರೆ ಏನನ್ನೂ ತಲೆಗೆ ಹಾಕುವಂತಿಲ್ಲ.

ಈಗ ಕೋರ್ಟಿಗೆ ಬನ್ನಿ. ಮರ ಬಿದ್ದ ಮರುದಿನವೇ ಪೊಲೀಸ್ ಫೌಜದಾರರು ಬಂದು, ಹುಡುಗರನ್ನೆಲ್ಲ ಹಗ್ಗಕ್ಕೆ ಕಟ್ಟಿ ಒಯ್ಯುತ್ತೇನೆಂದು ಚಾವಡಿಯಲ್ಲಿ ಗದರಿಸಿದ್ದರು. ಅದಕ್ಕೆ ಮುತ್ಯಾ ತಾವೇ ಮುಂದೆ ಬಂದರು. ಮ್ಯಾಜಿಸ್ಟ್ರೇಟರ ಎದುರು ರುಮಾಲಿಟ್ಟು, “ತಪ್ಪ ನಂದರಿ” ಎಂದು ತಲೆ ಬಗ್ಗಿಸಿದರು. ದುಭಾಷಿ ಅದನ್ನು ಸರಿಯಾಗಿಯೇ ಹೇಳಿದ, ಅವನ ಮೇಲೆ ನನ್ನ ದೂರಿಲ್ಲ. ಶಿಕ್ಷೆ ಓದಿದರು. ಮುತ್ಯಾ ತಲೆ ಎತ್ತಲಿಲ್ಲ. ಸಾಹೇಬರು ಇಳಿದು ಬರುತ್ತಾರೆ, ತಂಬಾಕು ತಿಕ್ಕುತ್ತಿರಬೇಕು, ಅದಕ್ಕೆ ತಡ ಎಂದು ಕಾಯುತ್ತಿದ್ದರು. ಕೋರ್ಟಿನ ಜವಾನ, ಪಟ್ಟೇವಾಲಾ, ಮುಂದಿನ ಖಟ್ಲೆ ಕೂಗಿದ. ಇನ್ನೊಬ್ಬ ಪಟ್ಟೇವಾಲಾ ಆ ರುಮಾಲನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿದ. ಸಿಪಾಯಿ ಮೊಳಕೈ ಹಿಡಿದು ಎಳೆಯುವವರೆಗೂ ಕಲ್ಲಣ್ಣ ಮುತ್ಯಾ ಬಗ್ಗಿಯೇ ನಿಂತಿದ್ದರು.

ಪಶ್ಚಾತ್ತಾಪವಿಲ್ಲ ಎಂದಿರಾ? ಮಾನ್ಯರೇ, ತಾನು ಮಾಡದ ಕೆಲಸಕ್ಕೆ ನಿಮ್ಮ ಇಡೀ ಕೋರ್ಟಿನ ಮುಂದೆ ತಲೆ ಬಗ್ಗಿಸಿದವನಲ್ಲಿ ಇನ್ನೆಷ್ಟು ಪಶ್ಚಾತ್ತಾಪ ಬೇಕು? ‘ನಿಜವಾಗಿ ಕಡಿದವರು ಬರಲಿ’ ಎಂದು ತಾವು ಹೇಳಬಹುದು. ಬಂದಿದ್ದರು. ಶಿಕ್ಷೆಯ ಸುದ್ದಿ ತಿಳಿದ ಕೂಡಲೇ ಹುಡುಗರು ಚಾವಡಿಗೆ ಹೋಗಿ, ಕಡಿದವರು ನಾವು, ಮುದುಕನನ್ನು ಬಿಡಿ ಎಂದರು. “ಖಟ್ಲೆ ಮುಗದೈತಿ, ಮನೀಗೆ ನಡೀರಿ” ಎಂದು ಅಲ್ಲಿಂದ ಅಟ್ಟಿದರು. ಅವರ ಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ತಮ್ಮ ಸರಕಾರಕ್ಕೆ ಬೇಕಾಗಿದ್ದರೆ ಆಗಲೇ ಹಿಡಿಯಬಹುದಿತ್ತು, ಅವರು ತಮ್ಮ ಕಾಲ ಮೇಲೆ ನಡೆದುಕೊಂಡೇ ಬಂದಿದ್ದರಲ್ಲ. ಈ ವರ್ಷ ಸರಕಾರಕ್ಕೂ ಚಳವಳಿಯವರಿಗೂ ಒಪ್ಪಂದವಾಗಿ ಚಳವಳಿಯ ಕೈದಿಗಳನ್ನು ಬಿಟ್ಟಾಗಲೂ ಮುತ್ಯಾ ಹೊರಬರಲಿಲ್ಲ. ನೀನು ಚಳವಳಿಯವನೇ ಎಂದು ಕೇಳಿದರೆ, “ಇಲ್ಲರಿ, ಒಕ್ಕಲುತನದಂವ” ಎಂದರಂತೆ. ಸುಳ್ಳು ಹೇಳಿದ್ದರೆ ಮನೆಗೆ ಬರುತ್ತಿದ್ದರು.

ಇನ್ನು ಟೊಪ್ಪಿಗೆ. ಹೋದ ವರ್ಷ ಮಾರ್ಷಲ್ ಲಾ ಇದ್ದಾಗ ನಮ್ಮ ಸೊಲ್ಲಾಪುರದಲ್ಲಿ ಚಳವಳಿಯ ಬಿಳಿ ಟೊಪ್ಪಿಗೆ ಹಾಕಿದವರನ್ನು ಹಿಡಿದರು. ಈ ವರ್ಷ ಜೈಲಿನ ಟೊಪ್ಪಿಗೆ ಹಾಕದವನ ಗಂಜಿ ಕಡಿಮೆ ಮಾಡುತ್ತಾರೆ. ಪ್ರಜೆಯ ತಲೆಯ ಬಗ್ಗೆ ಸರಕಾರಕ್ಕೆ ಇಷ್ಟು ಕಾಳಜಿ ಇರುವುದು ಸಂತೋಷ. ಅದರ ಕೆಳಗೆ ಒಬ್ಬ ಮನುಷ್ಯನೂ ಇದ್ದಾನೆ ಎಂಬುದನ್ನು ನೆನಪಿಸುವುದಷ್ಟೇ ನನ್ನ ಕೆಲಸ.

ಹೋದ ವಾರ ಗುರಮ್ಮನನ್ನು ಕರೆದುಕೊಂಡು ಜೈಲಿಗೆ ಹೋಗಿದ್ದೆ. ಮುತ್ಯಾ ಜಾಳಿಗೆಯ ಹಿಂದೆ ಕುಳಿತಿದ್ದರು. ಕೆನ್ನೆ ಒಳಗೆ ಹೋಗಿವೆ, ಗೋಡೆ ಹಿಡಿಯದೆ ನಿಲ್ಲಲಾರರು. ನಮ್ಮಲ್ಲಿ ಗಂಡಸರು ಬರಿದಲೆಯಲ್ಲಿ ಕೂರುವುದು ಮನೆಯಲ್ಲಿ ಸಾವಾದಾಗ. ಗುರಮ್ಮ ಅದನ್ನು ನೋಡಲಾರದೆ ಸಿಟ್ಟು ಮಾಡಿದಳು.

“ಹೆಣದ ಮುಂದ ಕುಂತಾಂಗ ಕುಂತೀಯಲ್ಲ, ಯಾರ್ ಸತ್ತಾರ? ಇಷ್ಟ್ ವರ್ಸ ನನ್ನ ಮುಂದ ಒಮ್ಮೆರ ರುಮಾಲ ಇಳಿಸಿದ್ದೇನು? ಸಾಹೇಬನ ಮುಂದ ಇಳಿಸಿ ಬಂದಿ!”

“ನಿನ್ನ ಮುಂದ ಇಳಿಸಿದ್ರ ನೀ ಎತ್ತಿ ಇಡತಿದ್ದೇನ? ಒಲಿಗಿ ಹಾಕತಿದ್ದಿ” ಎಂದು ಮುತ್ಯಾ ನಕ್ಕರು. ಕಾವಲಿನವನೂ ನಕ್ಕ. “ಅಜ್ಜಾ, ಟೊಪಗಿ ಹಾಕ್ಕೊಂಡಬಿಡು, ನಂಗೂ ಬೈಗಳ ತಪ್ಪತಾವ” ಎಂದ. ಮುತ್ಯಾ ಅವನ ದನಿ ಬಂದ ಕಡೆ ತಿರುಗಿದರು. “ತಮ್ಮಾ, ನಿನ್ನ ಮ್ಯಾಲ ನಂಗ ಸಿಟ್ಟಿಲ್ಲ. ನಾ ಇಟ್ಟೀನಿ, ಅವರು ಎತ್ತಿಲ್ಲ. ನಡುವ ನಿಂದೊಂದು ಹಾಕ್ಕೊಂಡ್ರ ನಾ ಇಟ್ಟದ್ದು ಸುಳ್ಳ ಆಕ್ಕೇತಿ.” ಆಮೇಲೆ ಗುರಮ್ಮನಿಗೆ ಸಣ್ಣ ದನಿಯಲ್ಲಿ, “ಬರಿದಲೀಲೆ ಹೋದ್ರ ಮಣ್ಣಿಗಿಡೂ ಮುಂದ ನೀ ರುಮಾಲ ಇಡಬ್ಯಾಡ. ಹಂಗ ಇರಲಿ” ಎಂದರು. ಗುರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಜಗಳದಲ್ಲಿ ಆಕೆ ಸೋತದ್ದನ್ನು ನಾನು ಅವತ್ತೇ ನೋಡಿದ್ದು.

ಆ ದಿನ ಕೋರ್ಟಿನ ಗೋಡೆಯ ಬುಡದಿಂದ ರುಮಾಲನ್ನು ಆಯ್ದುಕೊಂಡವಳು ಈ ಗುರಮ್ಮನೇ. ಕಾಲಿನ ಧೂಳು ಜಾಡಿಸಿ, ಒಂದು ಸುತ್ತೂ ಬಿಚ್ಚದೆ, ಮನೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದಾಳೆ.

ಆದ್ದರಿಂದ, ಮಾನ್ಯರೇ, ನಾನು ತಮ್ಮಲ್ಲಿ ದಯೆ ಬೇಡುತ್ತಿಲ್ಲ. ದಯೆ ತಪ್ಪು ಮಾಡಿದವರಿಗೆ. ನಿಮ್ಮ ಮುಂದೆ ನಿಮ್ಮವರು ಅರ್ಧಕ್ಕೆ ಬಿಟ್ಟ ಕೆಲಸವೊಂದಿದೆ, ಅದನ್ನು ಮುಗಿಸಿ ಎಂದು ಕೇಳುತ್ತಿದ್ದೇನೆ. ದಿನ ತಾವೇ ಗೊತ್ತುಮಾಡಿ. ಗುರಮ್ಮ ರುಮಾಲು ಹಿಡಿದು ಜೈಲಿನ ಬಾಗಿಲಿಗೆ ಬರುತ್ತಾಳೆ, ಹಿಂದೆ ಊರೂ ಬರುತ್ತದೆ. ಅವಳು ಅದನ್ನು ನೆಲದ ಮೇಲಿಡುತ್ತಾಳೆ. ತಾವು ಬಂದು ಎತ್ತಿ ಮುತ್ಯಾನ ತಲೆಯ ಮೇಲಿಟ್ಟು ಬಾಗಿಲು ತೆರೆಯಿರಿ. ತಾವು ಬರಲಾಗದಿದ್ದರೆ ಸರಕಾರದ ಪರವಾಗಿ ಯಾರನ್ನಾದರೂ ಕಳಿಸಿ, ಪಟ್ಟೇವಾಲಾ ಆದರೂ ಸರಿ. ಕಾಲಿನಿಂದ ಸರಿಸಿದವನೇ ಬಂದರೆ ಇನ್ನೂ ಸರಿ. ಹೊಸ ಕಾಯದೆ ಬೇಡ. ಒಂದು ಸಲ ಬಗ್ಗಿದರೆ ಸಾಕು. ಎಪ್ಪತ್ತೈದು ದಾಟಿದ ಬೆನ್ನು ನಿಮಗಾಗಿ ಬಗ್ಗಿದೆ, ಇನ್ನೂ ಎದ್ದಿಲ್ಲ.

ಇಂತಿ,
‘ತಮ್ಮ ವಿಧೇಯ’ ಎಂದು ಬರೆಯಲು ಹೋಗಿ ಕೈ ತಡೆದ,
ಸಾಹಿತ್ಯದಲ್ಲಿ ಬಿ.ಎ. ಪಾಸಾಗಿಯೂ ಮುತ್ಯಾನ ಪರವಾಗಿ ಒಂದು ಅರ್ಜಿ ಗೆಲ್ಲಿಸಲಾರದ
ನಾಗಣ್ಣ