ಸುಬ್ಬಿಯ ಗೋಣಿ ಒಣಗಿದ ದಿನಗಳು

ಶ್ರೀನಿವಾಸಪುರ, 12 ಜನವರಿ 1947, ಭಾನುವಾರ. ಬೆಳಿಗ್ಗೆ 7

ಇಂದೂ ನಾಯಿ ಮಲಗುವ ಗೋಣಿ ಒದ್ದೆ. ಒಗೆದು ಬೇಲಿಯ ಮೇಲೆ ಹಾಕಿದೆ. ವಾರದಲ್ಲಿ ಆರನೆಯ ಸಲ. ಸುಬ್ಬಿ ಕಿವಿ ಇಳಿಬಿಟ್ಟು ಮೂಲೆಯಲ್ಲಿ ನಿಂತಿದ್ದಳು.

ಹೋದ ದೀಪಾವಳಿ ಹೊತ್ತಿಗೆ ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಹಾಗಾಗಿದ್ದಳು. ಕೋಲಾರದ ದನದ ಡಾಕ್ಟರು ಶ್ರೀರಾಮಪ್ಪನವರು ಆಪರೇಷನ್ ಮಾಡಿ, ಗರ್ಭಕೋಶ ತೆಗೆದು ಉಳಿಸಿಕೊಟ್ಟರು. ಈಗ ಹೀಗೆ ಮೂತ್ರ ಸೋರುವುದು.

ಅತ್ತೆ ಹೇಳಿಯೇಬಿಟ್ಟರು. "ಅಡುಗೆಮನೆಗಂಟ ವಾಸ್ನೆ ಬರ್ತೈತೆ ಕಣೇ ಭಾರತಿ. ಆವಲಪ್ಪ ಬಂದಾಗ ತೋಟಕ್ಕೆ ಕಳ್ಸಿಬಿಡಾನ."

ಆವಲಪ್ಪ ನನ್ನ ಮೈದುನ. ಯಲ್ದೂರಿನಲ್ಲಿ ಮಾವಿನ ತೋಟ. ಅಲ್ಲಿ ನಾಯಿಗೆ ಒಂದು ಸರಪಳಿ, ಒಂದು ಮರ. ಒದ್ದೆ ಮೈಯಲ್ಲಿ ನೆಲದ ಮೇಲೆ ಬಿದ್ದರೆ ಹುಣ್ಣು, ಹುಣ್ಣಿಗೆ ಹುಳ... ಯಾರು ನೋಡುತ್ತಾರೆ?

ಏಳು ವರ್ಷ ಈ ಮನೆಯಲ್ಲಿ ಬೆಳೆದವಳು. ಯಜಮಾನರು ತೀರಿಕೊಂಡ ಮೇಲೆ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತ ಬಾಗಿಲಲ್ಲಿ ಕೂರುವವಳು. ಕಳಿಸುವುದಿಲ್ಲ.

14 ಜನವರಿ

ಸಂಜೆಯ ಮೇಲೆ ನೀರು ಕೊಡುವುದು ನಿಲ್ಲಿಸಿದೆ. ಬಾಯಾರಿಕೆ ತಾಳದೆ ಬಚ್ಚಲ ನೀರಿಗೆ ಬಾಯಿ ಹಾಕಿದಳು. ಬೆಳಿಗ್ಗೆ ಗೋಣಿ ಒದ್ದೆಯೇ.

17 ಜನವರಿ, ಸಂಜೆ

ಇಂದು ಹೊಡೆದೆ.

ಶಾಲೆಯಿಂದ ಬಂದಾಗ ಮಕ್ಕಳ ಕಾಪಿ ಪುಸ್ತಕಗಳ ಪಕ್ಕದಲ್ಲೇ ಮೂತ್ರ ಮಡುಗಟ್ಟಿತ್ತು. ಸಿಟ್ಟು ತಡೆಯಲಿಲ್ಲ. ಬೀಸಣಿಗೆಯಿಂದ ಎರಡು ಏಟು. ಸುಬ್ಬಿ ಗಾಢ ನಿದ್ದೆಯಿಂದ ಬೆಚ್ಚಿ ಎದ್ದಳು, ನನ್ನನ್ನು ನೋಡಿ ಬಾಲ ಆಡಿಸಿದಳು. ಆಮೇಲೆ ತನ್ನ ಕಾಲ ಕೆಳಗಿನ ನೀರನ್ನು ಮೂಸಿ ಗಾಬರಿಯಾದಳು.

ಅವಳಿಗೆ ಗೊತ್ತೇ ಇರಲಿಲ್ಲ. ನಿದ್ದೆಯಲ್ಲಿ ಹೋಗಿದೆ.

ಬೀಸಣಿಗೆ ಮುರಿದು ಒಲೆಗೆ ಹಾಕಿದೆ.

25 ಜನವರಿ, ಶನಿವಾರ

ಯಾವಾಗ ಸೋರುತ್ತದೆ ಎಂದು ಎಂಟು ದಿನ ಪಟ್ಟಿ ಬರೆದಿಟ್ಟೆ. ನಾನಿಲ್ಲದಾಗ ಅತ್ತೆಯನ್ನು ಕೇಳಿಕೊಂಡು ಬರೆದೆ — ಗೊಣಗಿಕೊಂಡೇ ಹೇಳಿದರು. ಒಟ್ಟು ಹದಿಮೂರು ಸಲ. ಹದಿಮೂರೂ ಮಲಗಿದ್ದಾಗ. ಎಚ್ಚರವಿದ್ದಾಗ ಹಿತ್ತಿಲಿಗೇ ಹೋಗುತ್ತಾಳೆ. ಒಂದು ಸಲವೂ ತಪ್ಪಿಲ್ಲ.

ಸೋಮವಾರ ಶಾಲೆಗೆ ರಜೆ ಹಾಕಿ ಕೋಲಾರಕ್ಕೆ.

27 ಜನವರಿ, ಸೋಮವಾರ

ಸಣ್ಣ ರೈಲಿನಲ್ಲಿ ಹೋದೆವು. ನಾಯಿಗೆ ಗಾರ್ಡ್ ಡಬ್ಬಿಯೇ ಎಂದರು. ಹಾಗಾದರೆ ನಾನೂ ಅಲ್ಲೇ ಎಂದು ಹತ್ತಿ ಕೂತೆ. ಗಾರ್ಡ್ ನಕ್ಕು ಬಾವುಟ ಬೀಸಿದರು.

ಡಾಕ್ಟರು ಸುಬ್ಬಿಯ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಕಾಯಿಸಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಕಿಡ್ನಿ ಚೆನ್ನಾಗಿದೆಯಂತೆ, ಕಲ್ಲೂ ಇಲ್ಲ. ನನ್ನ ಪಟ್ಟಿಯನ್ನು ಎರಡು ಸಲ ಓದಿದರು.

"ಇದು ಅವಳ ತಪ್ಪಲ್ಲಮ್ಮ. ಗರ್ಭಕೋಶದ ಜೊತೆ ಅಂಡಾಶಯಾನೂ ತೆಗೆದ್ವಲ್ಲ, ಅದರ ರಸ ಇಲ್ದೆ ಮೂತ್ರದ ಬಾಯಿ ಸಡಿಲ ಆಗಿದೆ. ನೀರು ಮಾತ್ರ ನಿಲ್ಲಿಸ್ಬೇಡಿ."

ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲದಲ್ಲಿ ಕೊಡುವ ಹೊಸ ಮಾತ್ರೆಯೊಂದು ಇದೆಯಂತೆ. ಸ್ಟಿಲ್‌ಬೆಸ್ಟ್ರಾಲ್. ತಾವು ಇದುವರೆಗೆ ಒಂದೇ ನಾಯಿಗೆ ಕೊಟ್ಟಿರುವುದಾಗಿ ಮುಚ್ಚುಮರೆಯಿಲ್ಲದೆ ಹೇಳಿದರು. ಹೆಚ್ಚಾದರೆ ರಕ್ತಕ್ಕೆ ಕೆಡುಕು, ಅಳತೆ ಮೀರುವಂತಿಲ್ಲ. ಐದು ದಿನ ದಿನಕ್ಕೊಂದು ಚೂರು, ಆಮೇಲೆ ವಾರಕ್ಕೊಂದು.

ಒಪ್ಪಿದೆ.

30 ಜನವರಿ

ಮೂರು ದಿನದಿಂದ ಬೆಲ್ಲದಲ್ಲಿ ಇಟ್ಟು ಕೊಡುತ್ತಿದ್ದೇನೆ. ಒದ್ದೆ, ಒದ್ದೆ, ಒದ್ದೆ. ಅತ್ತೆ ಆವಲಪ್ಪನ ದಾರಿ ನೋಡುತ್ತಿದ್ದಾರೆ. ಅದೇ ಹೆಚ್ಚು ಭಯ.

1 ಫೆಬ್ರವರಿ, ಬೆಳಿಗ್ಗೆ 6

ಒಣಗಿದೆ! ಅಂಗೈ ಒತ್ತಿ ನೋಡಿದೆ. ಕೆನ್ನೆ ಒತ್ತಿ ನೋಡಿದೆ. ಬರೀ ನಾಯಿಯ ಬೆಚ್ಚಗಿನ ವಾಸನೆ.

10 ಫೆಬ್ರವರಿ

ವಾರಕ್ಕೊಂದಕ್ಕೆ ಇಳಿಸಿದ ಮೇಲೆ ಒಂದು ಮಧ್ಯಾಹ್ನ ಸ್ವಲ್ಪ ಸೋರಿತು. ಡಾಕ್ಟರಿಗೆ ಕಾರ್ಡು ಬರೆದೆ. ಉತ್ತರ ಬಂದಿದೆ: ಐದು ದಿನಕ್ಕೊಮ್ಮೆ ಕೊಡಿ, ರಕ್ತ ನೋಡಲು ತಿಂಗಳಿಗೊಮ್ಮೆ ಕರೆತನ್ನಿ.

23 ಫೆಬ್ರವರಿ, ಭಾನುವಾರ

ಆವಲಪ್ಪ ಬಂದಿದ್ದ. ಗಾಡಿಯಲ್ಲಿ ಸರಪಳಿ ಸಿದ್ಧವಾಗಿತ್ತು. ನಾನು ಪಟ್ಟಿ ಹಿಡಿದು ಹೊರಗೆ ಬಂದೆ. ಹನ್ನೆರಡು ದಿನ, ಒಂದು ಹನಿ ಇಲ್ಲ ಎಂದೆ. ಅವನು ತಲೆ ಕೆರೆದುಕೊಂಡ. "ಕಾಗ್ದ ನೋಡಿ ಏನ್ ಹೇಳ್ಲಿ ಅತ್ತಿಗೆ, ಅವ್ವ ಏನಂತಾಳೆ ಕೇಳಾನ."

ಅತ್ತೆ ಒಳಗಿನಿಂದ ಬಂದು ಜಗಲಿಯ ಮೇಲೆ ಕೂತರು. ಸುಬ್ಬಿಯನ್ನು ನೋಡಿದರು. "ರಾವೇ," ಬಾರೇ ಎಂದು ತೆಲುಗಿನಲ್ಲಿ ಕರೆದರು. ಇಷ್ಟು ದಿನ ಹತ್ತಿರ ಸೇರಿಸದವರು. ಅವಳು ಹೋಗಿ ಸೆರಗಿನ ಮೇಲೇ ತಲೆಯಿಟ್ಟು ಮಲಗಿ, ನೋಡುತ್ತಿದ್ದಂತೆ ನಿದ್ದೆ ಹೋದಳು. ಅತ್ತೆ ಕದಲಲಿಲ್ಲ. ಮಗನಿಗೆ ಊಟವೂ ನಾನೇ ಬಡಿಸಿದೆ. ಸುಬ್ಬಿ ತಾನಾಗಿ ಏಳುವವರೆಗೆ, ಹತ್ತಿರ ಹತ್ತಿರ ಒಂದು ಗಂಟೆ, ಅತ್ತೆ ಹಾಗೇ ಕೂತಿದ್ದರು.

ಸೆರಗು ಒಣಗಿತ್ತು.

"ನೀನ್ ಹೋಗಪ್ಪ," ಎಂದರು ಅತ್ತೆ. "ತೋಟಕ್ಕೆ ಬೇರೆ ನಾಯಿ ನೋಡ್ಕೊ. ಇದು ಮನೇದು."

ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಹೆಮ್ಮೆಯ ಅಳು.

9 ಮಾರ್ಚ್, ಭಾನುವಾರ. ಮಧ್ಯಾಹ್ನ 3

ಬೆಂಗಳೂರಿನ ಡಾಕ್ಟರೊಬ್ಬರಿಗೆ ತೋರಿಸಬೇಕು, ಪಟ್ಟಿಯ ನಕಲು ಕಳಿಸಿ ಎಂದು ಶ್ರೀರಾಮಪ್ಪನವರ ಕಾರ್ಡು. ಕೂತು ಅಂದವಾಗಿ ಬರೆಯುತ್ತಿದ್ದೆ. ಹೊರಗೆ ಗಾಡಿ ನಿಂತಿತು. ಹೋಳೂರಿನಿಂದಂತೆ, ಪೆದ್ದಪ್ಪ ಎಂಬುವವರು, ಒಂದು ಬಿಳಿ ನಾಯಿಯನ್ನು ಒದ್ದೆ ಕಂಬಳಿಯಲ್ಲಿ ಸುತ್ತಿಕೊಂಡು ಬಂದಿದ್ದಾರೆ. ನಾಯಿಯನ್ನು ವಾಸಿ ಮಾಡಿದ ಮೇಡಂ ಮನೆ ಇದೇನಾ ಎಂದು ಕೇಳುತ್ತಿದ್ದಾರೆ. ಅತ್ತೆ ಹೌದೆಂದು ಆಗಲೇ ಮಜ್ಜಿಗೆ ಕೊಟ್ಟು ಕೂರಿಸಿದ್ದಾರೆ, ನನ್ನನ್ನು ಕೂಗುತ್ತಿದ್ದಾರೆ. ಹೊಸ ಹಾಳೆ ತೆಗೆದಿದ್ದೇನೆ. ಆ ನಾಯಿಯ ಹೆಸರು—